ಆರು ದಿನದ ವಾರ, ಬಡವರ ಮಕ್ಕಳಿಗೆ ಎಷ್ಟು ದಿನ?

ಗಿರಣಿಯ ಬಂಧುಗಳೇ, ಅಂಗಡಿಕಾರ ಬಂಧುಗಳೇ,

ಆರು ಪಾಳಿ ದುಡಿಸಿಕೊಂಡ ಮಾಲೀಕ ಐದು ಪಾಳಿಯ ಪಗಾರ ಎಣಿಸಿದರೆ ನೀವೇನು ಮಾಡುತ್ತೀರಿ? ಗಿರಣಿಯ ಬಾಗಿಲಲ್ಲಿ ಕೂತು ಕೇಳುತ್ತೀರಿ. ಸಗಟು ವ್ಯಾಪಾರಿ ಆರು ಚೀಲಕ್ಕೆ ರೊಕ್ಕ ಹಿಡಿದು ಐದು ಚೀಲ ಇಳಿಸಿದರೆ? ಗಾಡಿಯನ್ನೇ ತಡೆದು ನಿಲ್ಲಿಸುತ್ತೀರಿ. ಆದರೆ ನಿಮ್ಮ ಮಗನಿಗೆ, ಮಗಳಿಗೆ ಆರು ದಿನದ ಶಾಲೆ ಎಂದು ಹೇಳಿ ಐದು ದಿನದ ಪಾಠವನ್ನೂ ಪೂರಾ ಕೊಡದಿದ್ದಾಗ ನಾವು ಯಾರೂ ಬಾಯಿ ತೆರೆಯುವುದಿಲ್ಲ. ಈ ಕಳ್ಳ ತೂಕದ ಮಾತನ್ನು ಇಂದು ಆಡಲೇಬೇಕಾಗಿದೆ.

ವಿಜಯಪುರದ ಓಣಿಯ ಸರಕಾರಿ ಶಾಲೆಯಾಗಲಿ, ತಿಕೋಟಾ, ಬಬಲೇಶ್ವರ ತಾಲೂಕಿನ ಹಳ್ಳಿಯ ಶಾಲೆಯಾಗಲಿ, ಆರನೆಯ ಏಳನೆಯ ಇಯತ್ತೆಯ ಒಂದು ವಾರವನ್ನು ಕಣ್ಣಿಟ್ಟು ನೋಡಿರಿ. ಸೋಮವಾರ ಪ್ರಾರ್ಥನೆ, ಹಾಜರಿ ಮುಗಿದ ಮೇಲೆ ಹಾಲಿನ ಲೆಕ್ಕ, ಊಟದ ಲೆಕ್ಕ, ಮೊಟ್ಟೆ ಎಷ್ಟು ಬಾಳೆಹಣ್ಣು ಎಷ್ಟು ಎಂಬ ಲೆಕ್ಕ. ವಹಿಯಲ್ಲಿ ಬರೆದದ್ದು ಸಾಲದು, ಮೊಬೈಲಿನಲ್ಲಿಯೂ ತುಂಬಬೇಕು. ಮಂಗಳವಾರ ಹೆಡ್‌ಮಾಸ್ತರರಿಗೆ ತಾಲೂಕಾ ಕಚೇರಿಯಲ್ಲಿ ಸಭೆ. ಅವರೇ ಗಣಿತ ಕಲಿಸುವವರಾದರೆ ಆ ದಿನ ಗಣಿತವಿಲ್ಲ. ಬುಧವಾರ ಅಕ್ಕೋರು ತರಬೇತಿಗೆ. ಗುರುವಾರ ಮತದಾರರ ಯಾದಿ. ಶುಕ್ರವಾರ ಯಾವುದೋ ದಿನಾಚರಣೆ, ಅದರ ಫೋಟೋ ಮೇಲಕ್ಕೆ ಕಳಿಸುವ ಗಡಿಬಿಡಿ. ಶನಿವಾರ ಮುಂಜಾನೆಯ ಅರ್ಧ ದಿನ. ಪ್ರತಿ ವಾರವೂ ಇವೆಲ್ಲ ಕೂಡಿ ಬರುತ್ತವೆಂದು ನಾವು ಹೇಳುವುದಿಲ್ಲ. ಇವುಗಳಲ್ಲಿ ಒಂದೂ ಇಲ್ಲದ ವಾರವನ್ನು ತೋರಿಸಿರಿ ಎಂದು ಮಾತ್ರ ಕೇಳುತ್ತೇವೆ. ಒಬ್ಬ ಮಾಸ್ತರರು ಹೊರಗೆ ಹೋದ ದಿನ ಎರಡು ಇಯತ್ತೆಗಳು ಒಂದೇ ಕೋಣೆಯಲ್ಲಿ ಕೂಡುತ್ತವೆ. ಒಬ್ಬರು ಕಾಪಿ ಬರೆಯುತ್ತಾರೆ, ಇನ್ನೊಬ್ಬರು ಭಿನ್ನರಾಶಿ ಕೇಳುತ್ತಾರೆ, ಗಂಟೆ ಹೊಡೆಯುತ್ತದೆ.

ಈ ವಯಸ್ಸಿನ ಪಾಠವೆಂದರೆ ಸಣ್ಣ ಮಾತಲ್ಲ. ಶೇಕಡಾ, ಬಡ್ಡಿ, ಲಾಭ-ನಷ್ಟ, ಕ್ಷೇತ್ರಫಲ ಕಲಿಯುವುದು ಈ ಇಯತ್ತೆಗಳಲ್ಲಿ. ಸಂವಿಧಾನವೆಂದರೇನು, ಗ್ರಾಮ ಪಂಚಾಯಿತಿ ಎಂದರೇನು ಎಂದು ಮೊದಲು ಓದುವುದೂ ಈಗಲೇ. ಬಡ್ಡಿಯ ಲೆಕ್ಕ ಬಾರದವನೇ ಜನ್ಮವಿಡೀ ಬಡ್ಡಿ ಕಟ್ಟುತ್ತಾನೆ. ಪಗಾರ ಚೀಟಿಯಲ್ಲಿ ಏನು ಕಡಿತವಾಯಿತೆಂದು ಓದಲು ಬಾರದವನೇ ಹೆಬ್ಬೆಟ್ಟು ಒತ್ತಿ ಹೊರಗೆ ಬರುತ್ತಾನೆ.

ಇನ್ನು ಕಾಯಿದೆ ಏನು ಹೇಳುತ್ತದೆ? ಹತ್ತು ವರ್ಷದೊಳಗೆ, ಎಂದರೆ 1960ರ ಹೊತ್ತಿಗೆ, ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಯತ್ನಿಸಬೇಕೆಂದು ಸಂವಿಧಾನ ಬರೆದಿತ್ತು. ಅದು ಹಕ್ಕಾಗಿ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಐವತ್ತು ವರ್ಷ ತಡವಾಗಿ. ಆ ಕಾಯಿದೆಯ ಪ್ರಕಾರ ಆರರಿಂದ ಎಂಟನೆಯ ಇಯತ್ತೆಗೆ ವರ್ಷಕ್ಕೆ 220 ದಿನ, 1,000 ತಾಸು ಪಾಠ ನಡೆಯಬೇಕು. 35 ಮಕ್ಕಳಿಗೆ ಒಬ್ಬರಾದರೂ ಶಿಕ್ಷಕರಿರಬೇಕು. ವಿಜ್ಞಾನ-ಗಣಿತಕ್ಕೆ, ಸಮಾಜಕ್ಕೆ, ಭಾಷೆಗೆ ಬೇರೆ ಬೇರೆ ಶಿಕ್ಷಕರು ಬೇಕು.

ಕಿರ್ದಿ ಬರೆಯುವ ಬಂಧುಗಳೇ, ಲೆಕ್ಕ ಹಾಕಿರಿ. ಮೂರು ವರ್ಷಕ್ಕೆ 3,000 ತಾಸು. ಅದರಲ್ಲಿ ಆರರಲ್ಲೊಂದು ಪಾಲು ಸೋರಿದರೆ 500 ತಾಸು, ಎಂದರೆ ಅರ್ಧ ವರ್ಷದ ಪಾಠ. ಮಗು ಎಂಟನೆಯ ಇಯತ್ತೆ ಮುಗಿಸಿತೆಂದು ದಾಖಲೆ ಹೇಳುತ್ತದೆ. ಅದರ ಕೈಗೆ ಬಂದದ್ದು ಎರಡೂವರೆ ವರ್ಷದ ಶಾಲೆ!

ಇದೇ ಕಾಯಿದೆಯ 27ನೆಯ ಕಲಮು ಶಿಕ್ಷಕರನ್ನು ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವುಗಳ ಹೊರತು ಬೇರೆ ಕೆಲಸಕ್ಕೆ ಹಚ್ಚಕೂಡದೆಂದು ಸ್ಪಷ್ಟವಾಗಿ ಹೇಳುತ್ತದೆ. ಮತದಾರರ ಯಾದಿಯ ಕೆಲಸವನ್ನೂ ಸೂಟಿಯ ದಿನ, ಪಾಠವಿಲ್ಲದ ವೇಳೆಯಲ್ಲಿ ಮಾಡಿಸಬೇಕೆಂದು 2007ರಲ್ಲಿಯೇ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಆದರೂ 2025ರಲ್ಲಿ ಏನಾಯಿತು? ಸೆಪ್ಟೆಂಬರ್ 22ರಿಂದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಸುರುವಾಯಿತು. ಮಾಸ್ತರರು ದಸರೆಯ ಸೂಟಿ ಬಿಟ್ಟು ಮನೆ ಮನೆ ತಿರುಗಿದರು. ಕೆಲಸ ಮುಗಿಯಲಿಲ್ಲ. ಅಕ್ಟೋಬರ್ 8ರಿಂದ 18ರವರೆಗೆ, ಭಾನುವಾರ ಸೇರಿ ಹನ್ನೊಂದು ದಿನ, ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಸೂಟಿ ಜಾಹೀರಾಯಿತು. ಫೀ ತೆಗೆದುಕೊಳ್ಳುವ ಖಾಸಗಿ ಶಾಲೆಗಳಿಗೆ ಆ ಸೂಟಿ ಅನ್ವಯಿಸಲಿಲ್ಲ. ತಪ್ಪಿದ ಪಾಠವನ್ನು ಹೆಚ್ಚಿನ ತರಗತಿಗಳಿಂದ ತುಂಬಿಸುತ್ತೇವೆಂದರು. ದಣಿದ ಮಾಸ್ತರ, ಹಸಿದ ಮಗು, ಸಂಜೆಯ ಹೆಚ್ಚಿನ ತಾಸು. ಇದಕ್ಕೆ ತುಂಬಿಕೊಡುವುದು ಎನ್ನುತ್ತಾರೆಯೇ?

ಜಾತಿಯ ಲೆಕ್ಕ ಬೇಡವೆನ್ನುವವರು ನಾವಲ್ಲ. ಹಿಂದುಳಿದವರ ಪಾಲು ಕೇಳಲು ಲೋಹಿಯಾ ಅವರಿಂದ ಕಲಿತವರು ನಾವು. ಸಮೀಕ್ಷೆ ಆಗಲಿ, ಅವಶ್ಯವಾಗಿ ಆಗಲಿ. ಆದರೆ ಹಿಂದುಳಿದವರನ್ನು ಎಣಿಸುವುದಕ್ಕಾಗಿ ಹಿಂದುಳಿದವರ ಮಕ್ಕಳ ಶಾಲೆಗೆ ಬೀಗ ಹಾಕುವುದು ಯಾವ ನ್ಯಾಯ? ಡಿಗ್ರಿ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುವ ನಮ್ಮ ತರುಣರಿಗೆ ದಿನಗೂಲಿ ಕೊಟ್ಟು ಈ ಕೆಲಸ ಮಾಡಿಸಬಾರದಿತ್ತೇ?

ಸರಕಾರ ಕದ್ದು ಉಳಿದದ್ದನ್ನು ಬಡತನ ಕದಿಯುತ್ತದೆ. ಕಬ್ಬಿನ ಹಂಗಾಮು ಸುರುವಾದೊಡನೆ ತಾಂಡಾಗಳಿಂದ, ಹಳ್ಳಿಗಳಿಂದ ಕುಟುಂಬಗಳು ಗಂಟುಮೂಟೆ ಕಟ್ಟಿ ಮಹಾರಾಷ್ಟ್ರದ ದಾರಿ ಹಿಡಿಯುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ತಿಕೋಟಾ ಕಡೆ ದ್ರಾಕ್ಷಿಯ ಸುಗ್ಗಿ, ಒಣದ್ರಾಕ್ಷಿಯ ಕೆಲಸ ಬರುವುದೂ ಪರೀಕ್ಷೆಯ ತಿಂಗಳುಗಳಲ್ಲಿಯೇ. ತಾಯಿ ತೋಟಕ್ಕೆ ಹೋದರೆ ಹನ್ನೆರಡು ವರ್ಷದ ಹುಡುಗಿ ಕೂಸು ನೋಡಿಕೊಳ್ಳಲು ಮನೆಯಲ್ಲಿ ನಿಲ್ಲುತ್ತಾಳೆ. ಅನೇಕ ಹಳ್ಳಿಗಳಲ್ಲಿ ಶಾಲೆ ಏಳಕ್ಕೇ ಮುಗಿಯುತ್ತದೆ. ಎಂಟಕ್ಕೆ ಬೇರೆ ಊರು, ಬಸ್ಸಿನ ದಾರಿ. ಆ ಹುಡುಗಿಯ ಶಾಲೆ ಅಲ್ಲಿಗೆ ತೀರಿತು.

ಮೊಟ್ಟೆ, ಹಾಲು, ಬಿಸಿಯೂಟದಿಂದಲೇ ಪಾಠ ಕೆಟ್ಟಿತೆಂದು ಹೇಳುವವರ ಮಾತನ್ನು ನಾವು ಒಪ್ಪುವುದಿಲ್ಲ. 2021ರ ಡಿಸೆಂಬರಿನಲ್ಲಿ ಮಕ್ಕಳಿಗೆ ಮೊದಲು ಮೊಟ್ಟೆ ಕೊಟ್ಟ ಜಿಲ್ಲೆಗಳಲ್ಲಿ ವಿಜಯಪುರವೂ ಒಂದು. ಆಗ ಹೊಟ್ಟೆ ತುಂಬಿದವರು ಕೂಗೆಬ್ಬಿಸಿದ್ದನ್ನು ನಾವು ಮರೆತಿಲ್ಲ. ಊಟ ಇರಲಿ, ಇನ್ನೂ ಚಲೋ ಆಗಲಿ. ಅದರ ಲೆಕ್ಕ ಬರೆಯಲು ಒಬ್ಬ ಕಾರಕೂನನನ್ನು ಕೊಡಿರಿ ಎನ್ನುತ್ತೇವೆ.

“ಸರಕಾರಿ ಮಾಸ್ತರರು ದುಡಿಯುವುದಿಲ್ಲ” ಎಂಬ ಮಾತು ಕಟ್ಟೆಯ ಮೇಲೆ ದಿನಾ ಕೇಳುತ್ತದೆ. ಮೈಗಳ್ಳರು ಎಲ್ಲ ಕಡೆಯೂ ಇದ್ದಾರೆ, ಅಲ್ಲಿಯೂ ಇದ್ದಾರೆ. ಆದರೆ ನೇಕಾರನನ್ನು ಮಗ್ಗದಿಂದ ಎಬ್ಬಿಸಿ ಊರೆಲ್ಲ ಓಡಾಡಿಸಿ, ಸಂಜೆಗೆ ಸೀರೆ ಎಲ್ಲಿ ಎಂದು ಕೇಳುವ ಮಾಲೀಕನನ್ನು ಏನೆನ್ನಬೇಕು? ಖಾಲಿ ಹುದ್ದೆಗಳನ್ನು ತುಂಬದೆ ಅತಿಥಿ ಶಿಕ್ಷಕರನ್ನು ಅಗ್ಗದ ಗೌರವಧನಕ್ಕೆ ದುಡಿಸಿಕೊಳ್ಳುವುದು ಗಿರಣಿಯ ಬದಲಿ ಕೂಲಿಯ ಪದ್ಧತಿಯೇ. ಅದನ್ನು ನೀವು ಬೇರೆಯವರಿಗಿಂತ ಚೆನ್ನಾಗಿ ಬಲ್ಲಿರಿ.

ಹೀಗೆ ಶಾಲೆಯನ್ನು ಸೊರಗಿಸಿದ ಮೇಲೆ ಏನಾಗುತ್ತದೆ? ಕಿರಾಣಿ ಅಂಗಡಿಯವನು ಸಾಲ ಮಾಡಿ ಮಗನಿಗೆ ಇಂಗ್ಲಿಷ್ ಶಾಲೆಯ ಟೈ ಕಟ್ಟಿಸುತ್ತಾನೆ. ಹಮಾಲನ ಮಗಳು ಸರಕಾರಿ ಶಾಲೆಯಲ್ಲಿ ಉಳಿಯುತ್ತಾಳೆ. ಮಕ್ಕಳ ಸಂಖ್ಯೆ ಕಡಿಮೆಯಾಯಿತೆಂದು ಶಿಕ್ಷಕರ ಸಂಖ್ಯೆಯನ್ನೂ ಇಳಿಸುತ್ತಾರೆ. ಇದೇ ವಿಜಯಪುರದಲ್ಲಿ 1910ರಲ್ಲಿ ಫ. ಗು. ಹಳಕಟ್ಟಿಯವರು ವಿದ್ಯಾಸಂಸ್ಥೆಯನ್ನು ಕಟ್ಟಿದರು. ಅಂಥವರಿಗೆ ವಿದ್ಯೆ ಸಮಾಜದ ಸಾಲವಾಗಿತ್ತು. ಇಂದು ಅದು ಪೇಟೆಯ ಸರಕಾಗಿದೆ. ಓಣಿಯ ಎಲ್ಲ ಮಕ್ಕಳೂ ಓಣಿಯ ಒಂದೇ ಶಾಲೆಯಲ್ಲಿ ಕಲಿಯಬೇಕೆಂದು, ರಾಷ್ಟ್ರದ ಆದಾಯದಲ್ಲಿ ನೂರಕ್ಕೆ ಆರು ಪಾಲು ಶಿಕ್ಷಣಕ್ಕೆ ಇಡಬೇಕೆಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತು. ವರದಿ ಕಪಾಟು ಸೇರಿತು.

ಆದುದರಿಂದ ನಮ್ಮ ಬೇಡಿಕೆ ನಾಲ್ಕೇ ನಾಲ್ಕು. ಒಂದು, ಶಾಲೆಯ ವೇಳೆಯಲ್ಲಿ ಮಾಸ್ತರರಿಗೆ ಬೇರೆ ಕೆಲಸ ಹಚ್ಚಬಾರದು. ಎರಡು, ಖಾಲಿ ಹುದ್ದೆಗಳನ್ನು ಖಾಯಂ ನೇಮಕದಿಂದ ತುಂಬಬೇಕು. ಮೂರು, ಗುಳೆ ಹೋಗುವವರ ಮಕ್ಕಳಿಗೆ ಹಂಗಾಮಿನ ವಸತಿ ಶಾಲೆ ಬೇಕು. ನಾಲ್ಕು, ಪಾಠ ನಡೆದ ತಾಸುಗಳ ಲೆಕ್ಕವನ್ನು ಪ್ರತಿ ಶನಿವಾರ ಶಾಲೆಯ ಹಲಗೆಯ ಮೇಲೆ ಬರೆಯಬೇಕು.

ಕೊನೆಯದನ್ನು ಮಾಡಿಸಲು ಮಂತ್ರಿಯ ಅಪ್ಪಣೆಗೆ ಕಾಯಬೇಕಾಗಿಲ್ಲ. ಶಾಲೆಯ ಉಸ್ತುವಾರಿ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಕಾಯಿದೆಯೇ ಹೇಳಿದೆ. ಬರುವ ಶನಿವಾರ ಪಾಳಿ ಮುಗಿಸಿ, ಅಂಗಡಿಯ ಬಾಗಿಲು ಅರ್ಧ ತಾಸು ಮುಚ್ಚಿ, ನಿಮ್ಮ ಮಗುವಿನ ಶಾಲೆಗೆ ಹೋಗಿರಿ. ಒಂದೇ ಪ್ರಶ್ನೆ ಕೇಳಿರಿ: ಈ ವಾರ ನಮ್ಮ ಮಕ್ಕಳಿಗೆ ಎಷ್ಟು ತಾಸು ಪಾಠವಾಯಿತು? ತೂಕ ಕೇಳುವವರಿದ್ದಾರೆಂದು ಗೊತ್ತಾದರೆ ತಕ್ಕಡಿ ತಾನಾಗಿ ನೆಟ್ಟಗಾಗುತ್ತದೆ.