ಕಾಂಗರೂ ಗೊತ್ತು, ಗಂಧದ ಮರ?

ಚಿತ್ರ ಬರೆಯಿರಿ ಎಂದರೆ ನಮ್ಮ ಮಕ್ಕಳ ಕೈಯಲ್ಲಿ ಹೊಟ್ಟೆಚೀಲದ ಕಾಂಗರೂ ಥಟ್ಟನೆ ಮೂಡುತ್ತದೆ. ಆಫ್ರಿಕಾದ ಕಾಡಿನಲ್ಲಾಗಲಿ ಭಾರತದ ಕಾಡಿನಲ್ಲಾಗಲಿ ಅದು ಇಲ್ಲವೇ ಇಲ್ಲ. ಆಸ್ಟ್ರೇಲಿಯಾದಲ್ಲೋ ಕೋಟಿಗಟ್ಟಲೆ ಇವೆ. ಸರ್ಕಾರವೇ ಪರವಾನಗಿ ಕೊಟ್ಟು ಬೇಟೆಯಾಡಿಸುತ್ತದೆ. ಗಂಧದ ಮರ ಬರೆಯಿರಿ ಎಂದರೆ ಮಾತ್ರ ಪೆನ್ಸಿಲ್ ನಿಂತುಬಿಡುತ್ತದೆ. ದೇವರ ಕೋಣೆಯಲ್ಲಿ ಗಂಧದ ಕೊರಡಿದೆ, ಬಚ್ಚಲಲ್ಲಿ ಮೈಸೂರು ಸ್ಯಾಂಡಲ್ ಸೋಪಿದೆ, ಮರ ಕಂಡವರಿಲ್ಲ!

ಕಾಂಗರೂ ಎರಡು-ಮೂರು ವರ್ಷಕ್ಕೆ ಮರಿ ಹಾಕುತ್ತದೆ. ಶ್ರೀಗಂಧದ ತಿರುಳು ಬಲಿಯಲು 20-30 ವರ್ಷ ಬೇಕು. ಅದೂ ಪಕ್ಕದ ಗಿಡದ ಬೇರಿನಿಂದ ಆಹಾರ ಹೀರಿ ಬದುಕುವ ಮರ. ಒಂಟಿಯಾಗಿ ನೆಟ್ಟರೆ ಏಳುವುದಿಲ್ಲ. ಇಂದು ಅದು ಅಪಾಯಕ್ಕೊಳಗಾದ ಜಾತಿಗಳ ಪಟ್ಟಿಯಲ್ಲಿದೆ. ಅದೇ ಕುಟುಂಬದ ಇನ್ನೊಂದು ಗಂಧ ನಮ್ಮ ಕೆನ್ಯಾದಲ್ಲೇ ಬೆಳೆಯುತ್ತದೆ. ಬೇರಿನಲ್ಲೂ ಎಣ್ಣೆಯಿರುವುದರಿಂದ ಕಳ್ಳರು ಬುಡಸಮೇತ ಕೀಳುತ್ತಾರೆ. ಮತ್ತೆ ಚಿಗುರುವ ಮಾತೇ ಇಲ್ಲ. 2007ರಲ್ಲಿ ಇಲ್ಲಿನ ಅಧ್ಯಕ್ಷರ ಆದೇಶ ಕಡಿತವನ್ನು ನಿಷೇಧಿಸಿತು, 2013ರಲ್ಲಿ ಸೈಟಿಸ್ ಒಪ್ಪಂದದ ಪಟ್ಟಿಗೂ ಸೇರಿತು. ಕಳ್ಳಸಾಗಣೆ ನಿಂತಿಲ್ಲ.

ವನ್ಯಜೀವಿ ಎಂದರೆ ಓಡುವುದು, ನೆಗೆಯುವುದು ಮಾತ್ರವೇ? ಶಾಲೆಯ ಚಿತ್ರಸ್ಪರ್ಧೆಯಲ್ಲಿ ಮರಕ್ಕೂ ಒಂದು ಬಹುಮಾನ ಇರಲಿ ಎಂಬುದು ನಮ್ಮ ಅಭಿಪ್ರಾಯ. ಪೋಷಕರಲ್ಲೂ ಒಂದು ವಿನಂತಿ: ಅಗ್ಗದ ಗಂಧವೆಂದು ಯಾರಾದರೂ ಕೊರಡು ತಂದರೆ, ಎಲ್ಲಿಯದೆಂದು ಮಕ್ಕಳ ಎದುರಿಗೇ ಕೇಳಿ.