ಕೌಂಟರ್ ಹಾರುವ ಪಾಠ
ಸಿಂಹಾಚಲಂನ ನಮ್ಮ ಬೀದಿಯ ಇಂಜಿನಿಯರಿಂಗ್ ಹುಡುಗರಿಗೆ ಮೊದಲ ಪಾಠವೇ ‘ಡೆವ್-ಮೆಮ್’ ತೆರೆದು ಹಾರ್ಡ್‌ವೇರ್ ವಿಳಾಸಕ್ಕೆ ನೇರ ಬರೆಯುವುದಂತೆ. ಚಿಪ್‌ನ ರಿಜಿಸ್ಟರುಗಳು ಮೆಮರಿಯಂತೆಯೇ ಕಾಣುತ್ತವೆ, ನಿಜ. ಹಾಗಂತ ಕೌಂಟರ್ ಹಾರಿ ಸೇಫ್‌ಗೆ ಕೈ ಹಾಕುವುದೇ ಸ್ವಾಮಿ?

ನಾನು ಬರೀ ಬಿ.ಕಾಂ. ಆದರೂ ಲೆಕ್ಕ ನೋಡಿ: 2012ರ ರಾಸ್ಪ್‌ಬೆರಿ ಪೈಯಲ್ಲಿ ಜಿಪಿಐಒ ವಿಳಾಸ ಹೆಕ್ಸ್ 20200000. 2015ರ ಪೈ 2ರಲ್ಲಿ 3ಎಫ್200000. 2023ರ ಪೈ 5ರಲ್ಲಿ ಆ ಪಿನ್ನುಗಳೇ ಆರ್‌ಪಿ1 ಎಂಬ ಬೇರೆ ಚಿಪ್‌ಗೆ ಹೋದವು. ವಿಳಾಸ ಬಾಯಿಪಾಠ ಮಾಡಿದ ಪ್ರೋಗ್ರಾಮುಗಳು ನೆಲ ಕಚ್ಚಿದವು.

ಡ್ರೈವರ್ ವಿಳಾಸವನ್ನು ಡಿವೈಸ್ ಟ್ರೀಯಿಂದ ತಿಳಿದು, ‘ಐಒರೀಮ್ಯಾಪ್’ ಮಾಡಿಸಿ, ‘ರೀಡ್-ಎಲ್’, ‘ರೈಟ್-ಎಲ್’ ಮೂಲಕ ಕ್ರಮವಾಗಿ ವ್ಯವಹರಿಸುತ್ತದೆ. ಇಬ್ಬರು ಒಟ್ಟಿಗೆ ನುಗ್ಗಿದರೆ ತಡೆಯುವ ಬೀಗವೂ ಅದರ ಬಳಿಯೇ. ‘ಡೆವ್-ಮೆಮ್’ಗೋ ರೂಟ್ ಅಧಿಕಾರ ಬೇಕು. ನಮ್ಮಲ್ಲಿ ಸೇಫ್‌ಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ಒಂದು ಎಲ್‌ಇಡಿ ಮಿನುಗಿಸಲು ಇಡೀ ಯಂತ್ರದ ಕೀಲಿಗೊಂಚಲು ಕೊಡುತ್ತೀರಾ, ಮೇಷ್ಟ್ರೇ?