ವರ್ಧಂತಿ

ಹುಟ್ಟಿದ ದಿನವನ್ನು ನಮ್ಮ ಹಿರಿಯರು ವರ್ಧಂತಿಯೆಂದು ಕರೆಯುತ್ತಿದ್ದರು. ಬೆಳೆಯುವುದೆಂಬ ಅರ್ಥವುಳ್ಳ ವೃಧ್ ಎಂಬ ಧಾತುವಿನಿಂದ ಬಂದ ಮಾತು ಅದು. ವೃದ್ಧನೆಂಬ ಮಾತೂ ಅದೇ ಧಾತುವಿನಿಂದ ಹುಟ್ಟಿದುದೆಂಬುದನ್ನು ವಾಚಕರು ಗಮನಿಸಬೇಕು. ವೃದ್ಧನೆಂದರೆ ಬೆಳೆದವನೆಂದರ್ಥವೇ ಹೊರತು ಕುಗ್ಗಿದವನೆಂದಲ್ಲ. ಸವೆಯುವುದನ್ನು ಹೇಳಬೇಕಾದರೆ ಸಂಸ್ಕೃತದಲ್ಲಿ ಬೇರೊಂದು ಧಾತುವಿದೆ. ಜರೆ, ಜೀರ್ಣ ಎಂಬ ಮಾತುಗಳು ಅದರಿಂದ ಬಂದುವು. ಒಂದೇ ದೇಹದಲ್ಲಿ ಈ ಎರಡು ಕಾರ್ಯಗಳೂ ಏಕಕಾಲದಲ್ಲಿ ನಡೆಯುತ್ತಿರುವುವು. ವರ್ಷಕ್ಕೊಮ್ಮೆ ಬರುವ ಈ ದಿನದಲ್ಲಿ ಯಾವುದನ್ನು ಎಣಿಸತಕ್ಕದ್ದೆಂಬುದೇ ವಿಚಾರಮಾಡಬೇಕಾದ ಸಂಗತಿ.

ನಕ್ಷತ್ರವೀಕ್ಷಣೆಯ ಹವ್ಯಾಸವುಳ್ಳ ಏಳೆಂಟು ಮಂದಿಯ ಗೋಷ್ಠಿಯೊಂದರಲ್ಲಿ ನಾವು ಅನೇಕ ವರ್ಷಗಳಿಂದ ಸೇರಿಕೊಂಡಿದ್ದೇವೆ. ಅಂಚೆಯ ಇಲಾಖೆಯಲ್ಲಿದ್ದವರೊಬ್ಬರು, ಗಡಿಯಾರ ರಿಪೇರಿಯವರೊಬ್ಬರು, ಬ್ಯಾಂಕಿನ ಗುಮಾಸ್ತರಿಬ್ಬರು, ಹೀಗೆ ನಾನಾ ವೃತ್ತಿಯವರು ಅಲ್ಲಿದ್ದಾರೆ. ಬಹುಮಂದಿಗೆ ಅರವತ್ತು ಸಮೀಪಿಸಿದೆ ಅಥವಾ ದಾಟಿದೆ. ಆದಕಾರಣ ಒಬ್ಬರಲ್ಲ ಒಬ್ಬರ ಷಷ್ಟ್ಯಬ್ದಪೂರ್ತಿಯ ಪ್ರಸ್ತಾಪ ಆಗಾಗ ಬರುವುದು. ಅರವತ್ತಕ್ಕೇ ಏಕೆ ಇಷ್ಟು ಮಹತ್ತ್ವವೆಂದು ಕೇಳುವವರಿಗೆ ಆಕಾಶವೇ ಉತ್ತರ ಹೇಳುವುದು. ಗುರುವು ರಾಶಿಚಕ್ರವನ್ನು ಒಮ್ಮೆ ಸುತ್ತಲು ಸುಮಾರು 12 ವರ್ಷ ಬೇಕು. ಶನಿಗೆ ಸುಮಾರು 30 ವರ್ಷ. ಗುರುವಿನ ಐದು ಸುತ್ತು, ಶನಿಯ ಎರಡು ಸುತ್ತು ಮುಗಿಯುವ ಹೊತ್ತಿಗೆ ಮನುಷ್ಯನಿಗೆ ಅರವತ್ತಾಗಿ, ಅವನು ಹುಟ್ಟಿದಾಗ ಇವೆರಡು ಗ್ರಹಗಳು ಎಲ್ಲಿದ್ದುವೋ ಅದರ ಆಸುಪಾಸಿಗೆ ಮರಳಿ ಬಂದಿರುವುವು. ನಮ್ಮ ಸಂವತ್ಸರಚಕ್ರವೂ ಅರವತ್ತರದೇ. 1965ರಲ್ಲಿ ಬಂದಿದ್ದ ವಿಶ್ವಾವಸು ಸಂವತ್ಸರವು 2025ರ ಯುಗಾದಿಗೆ ಪುನಃ ಬಂದಿತು. ಹೊರಟ ಹೆಸರಿಗೆ ಮರಳಿ ಬಂದು ನಿಲ್ಲುವುದು ಒಬ್ಬ ಮನುಷ್ಯನ ಬಾಳಿನಲ್ಲಿ ಸಾಮಾನ್ಯವಾಗಿ ಒಮ್ಮೆಯೇ ಸರಿ.

ಆಕಾಶ ಮರಳಿ ಬಂದರೂ ಅದನ್ನು ನೋಡುವ ಕಣ್ಣು ಮೊದಲಿನಂತೆ ಇರುವುದಿಲ್ಲ. ಕತ್ತಲೆಯಲ್ಲಿ ಯುವಕನ ಕಣ್ಣಿನ ಪಾಪೆಯು ಸುಮಾರು 7 ಮಿಲಿಮೀಟರ್ ಅಗಲವಾಗುವುದು. ಅರವತ್ತರ ಸುಮಾರಿಗೆ ಅದು ಸಾಮಾನ್ಯವಾಗಿ 5 ಮಿಲಿಮೀಟರಿನ ಹತ್ತಿರ ನಿಂತುಬಿಡುವುದು. ಒಳಹೋಗುವ ಬೆಳಕು ಅಗಲದ ವರ್ಗವನ್ನು ಅನುಸರಿಸುವುದರಿಂದ 49ಕ್ಕೆ 25, ಎಂದರೆ ಅರ್ಧದಷ್ಟೇ ಉಳಿದಂತಾಯಿತು. ಇದು ಜರೆಯ ಲೆಕ್ಕ. ವೃದ್ಧಿಯ ಲೆಕ್ಕವೂ ಒಂದುಂಟು. ಮಸುಕಾದ ನಕ್ಷತ್ರವನ್ನು ನೆಟ್ಟಗೆ ನೋಡಿದರೆ ಅದು ಮಾಯವಾಗುವುದು. ತುಸು ಪಕ್ಕಕ್ಕೆ ದೃಷ್ಟಿಯಿಟ್ಟರೆ ತೋರುವುದು. ಮಂದಪ್ರಕಾಶವನ್ನು ಗ್ರಹಿಸುವ ಕಣಗಳು ಕಣ್ಣಿನ ನಡುಮಧ್ಯದಲ್ಲಿರದೆ ಸುತ್ತಲೂ ಇರುವುದೇ ಇದಕ್ಕೆ ಕಾರಣ. ಹೊಸದಾಗಿ ಬಂದ ಹುಡುಗರು ಕಾಣಲಾರದುದನ್ನು ನಮ್ಮ ಗೋಷ್ಠಿಯ ಹಿರಿಯರು ಅರ್ಧ ಬೆಳಕಿನಲ್ಲಿಯೇ ಕಂಡು ಹೇಳುವುದನ್ನು ಎಷ್ಟೋ ಸಲ ನೋಡಿದ್ದೇವೆ.

ಹವ್ಯಾಸದಿಂದ ಕೂಡಿದ ಸ್ನೇಹಕ್ಕೆ ಒಂದು ವಿಶೇಷ ಗುಣವಿದೆ. ಯಾರ ದುರ್ಬೀನು ಎಷ್ಟು ಪಟ್ಟು ಹಿಗ್ಗಿಸುವುದೆಂಬುದು ಎಲ್ಲರಿಗೂ ಗೊತ್ತಿರುವುದು; ಯಾರಿಗೆ ಎಷ್ಟು ಮಂದಿ ಮಕ್ಕಳೆಂಬುದು ವರ್ಷಗಳ ಮೇಲೆ ತಿಳಿಯುವುದು. ಮನೆಯೊಡತಿಯರು ಗೋಷ್ಠಿಯವರಿಗೆ ಪರಿಚಿತರಾಗುವುದು ತಾರಸಿಗೆ ಬರುವ ಕಾಫಿಯ ಮೂಲಕ. ಅಂಚೆಯ ಮಿತ್ರರ ಮನೆಯಾಕೆಯಾದರೋ ಮಾಳಿಗೆಗೆ ತಾವೇ ಹತ್ತಿ ಬಂದು, ಹುರಿದ ಕಡಲೆಕಾಯಿಯ ತಟ್ಟೆಯನ್ನಿಟ್ಟು, ಒಂದು ಗಳಿಗೆ ನಿಂತು ಆಕಾಶವನ್ನು ನೋಡಿ ಹೋಗುತ್ತಿದ್ದರು. ಎಲ್ಲರಿಗೂ ಅವರು ಅತ್ತಿಗೆಯವರು.

2020ನೆಯ ಇಸವಿ ಡಿಸೆಂಬರ್ 21ರ ಸಂಜೆ ಗುರುವೂ ಶನಿಯೂ ಚಂದ್ರಬಿಂಬದ ಅಗಲದ ಐದರಲ್ಲೊಂದು ಪಾಲಿನಷ್ಟು ಸಮೀಪಕ್ಕೆ ಬಂದುವು. ಕೋವಿಡ್ ಸಾಂಕ್ರಾಮಿಕದ ದಿನಗಳಾದುದರಿಂದ ಅವರವರ ಮಾಳಿಗೆಯಿಂದಲೇ ನೋಡಿ, ದೂರವಾಣಿಯಲ್ಲಿ ವರದಿ ಹೇಳಿ, ಗೋಷ್ಠಿಯ ಪುಸ್ತಕದಲ್ಲಿ ಬರೆಯಿಸಿಕೊಂಡುದಾಯಿತು. ಅಂಚೆಯ ಮಿತ್ರರ ಹೆಸರಿನ ಮುಂದೆ "ಇಬ್ಬರೂ ನೋಡಿದೆವು" ಎಂದಿದೆ. 2021ರ ಬೇಸಗೆಯಲ್ಲಿ ಆ ಸಾಂಕ್ರಾಮಿಕದ ಎರಡನೆಯ ಅಲೆಯಲ್ಲಿ ಅತ್ತಿಗೆಯವರು ತೀರಿಕೊಂಡರು. ತರುವಾಯ ಮಿತ್ರರು ಗೋಷ್ಠಿಗೆ ಬರುವುದನ್ನು ನಿಲ್ಲಿಸಿದರು.

ಸಂತಾಪ ಹೇಳಹೋದವರಲ್ಲಿ ಕೆಲವರು, ಆಕೆ ನಕ್ಷತ್ರವಾಗಿದ್ದಾರೆ ಎಂದರು. ಬೇರೆ ಕೆಲವರು, ನಮಗೆ ಕಾಣುವ ನಕ್ಷತ್ರಗಳೆಲ್ಲ ಎಂದೋ ಸತ್ತುಹೋದುವೆಂದೂ ಬೆಳಕು ಮಾತ್ರ ಬರುತ್ತಿರುವುದೆಂದೂ ತತ್ತ್ವ ಹೇಳಿದರು. ಆಕಾಶವನ್ನು ಬಲ್ಲವರಿಗೆ ಇಂಥ ಮಾತು ಸಮಾಧಾನವಾಗದು. ಸ್ವಾತಿಯ ಬೆಳಕು ನಮ್ಮನ್ನು ಮುಟ್ಟಲು ಸುಮಾರು 37 ವರ್ಷ, ರೋಹಿಣಿಯದಕ್ಕೆ ಸುಮಾರು 65 ವರ್ಷ ಬೇಕೆಂಬುದು ನಿಜ. ಬರಿಗಣ್ಣಿಗೆ ಕಾಣುವ ಅತಿ ದೂರದ ನಕ್ಷತ್ರಗಳಿಂದಲೂ ಬೆಳಕು ಕೆಲವು ಸಾವಿರ ವರ್ಷಗಳಲ್ಲಿ ಬಂದು ಸೇರುವುದು. ನಕ್ಷತ್ರಗಳ ಆಯುಸ್ಸಾದರೋ ಹತ್ತಾರು ಲಕ್ಷದಿಂದ ನೂರಾರು ಕೋಟಿ ವರ್ಷಗಳದು. ಆದುದರಿಂದ ನಾವು ಕಾಣುವುವು ಬಹುತೇಕ ಎಲ್ಲವೂ ಈಗಲೂ ಉರಿಯುತ್ತಿರುವುವೇ ಸರಿ. ಸತ್ತವರು ಮಾತ್ರ ಸತ್ತಿದ್ದಾರೆ. ದುಃಖಿಯಾದವನ ಮುಂದೆ ಇದನ್ನು ಮರೆಮಾಚಬಾರದು, ಎತ್ತಿ ಆಡಲೂ ಬಾರದು.

ಹಾಗಾದರೆ ಮಾಡತಕ್ಕದ್ದೇನು? ನಮ್ಮ ಶಾಸ್ತ್ರಕಾರರು ಹೇಳುವ ಅರುಂಧತೀನ್ಯಾಯವನ್ನು ಇಲ್ಲಿ ನೆನೆಯಬಹುದು. ಮದುವೆಯಲ್ಲಿ ವಧುವಿಗೆ ಅರುಂಧತಿಯನ್ನು ತೋರಿಸುವಾಗ, ಅತಿಸೂಕ್ಷ್ಮವಾದ ಆ ಚುಕ್ಕೆಯನ್ನು ಮೊದಲೇ ತೋರಿಸಲಾಗುವುದಿಲ್ಲ. ಅದರ ಸಮೀಪದಲ್ಲಿರುವ ದೊಡ್ಡ ನಕ್ಷತ್ರವನ್ನು ತೋರಿಸಿ, ದೃಷ್ಟಿ ಅಲ್ಲಿ ನೆಲೆಗೊಂಡ ಮೇಲೆ ಪಕ್ಕದ ಚುಕ್ಕೆಗೆ ತರಬೇಕು. ಹವ್ಯಾಸವೂ ಅಂಥ ದೊಡ್ಡ ನಕ್ಷತ್ರವೇ. ಗೋಷ್ಠಿಯವರು ಪ್ರತಿ ತಿಂಗಳೂ ಮಿತ್ರರಿಗೆ ದೂರವಾಣಿ ಮಾಡುತ್ತಿದ್ದರು. ದುಃಖದ ಮಾತೆತ್ತುತ್ತಿರಲಿಲ್ಲ, ಇಂಥ ದಿನ ಶುಕ್ರ ಚಂದ್ರರು ಸೇರುವರು, ಇಂಥ ದಿನ ಗ್ರಹಣ ಎಂದಷ್ಟೆ ಹೇಳುತ್ತಿದ್ದರು. ಎರಡು ವರ್ಷಗಳ ಮೇಲೆ ಒಂದು ಸಂಜೆ ಅವರು ತಾವಾಗಿಯೇ ಬಂದು ಕುಳಿತರು.

2025ರ ವೈಶಾಖದಲ್ಲಿ ಅವರಿಗೆ ಅರವತ್ತು ತುಂಬಿತು. ಮಕ್ಕಳು ಶಾಂತಿ ಮಾಡಿಸುವೆವೆಂದರು. ಅದು ದಂಪತಿಗಳು ಜೊತೆಯಾಗಿ ಕುಳಿತು ಮಾಡಿಸಿಕೊಳ್ಳುವ ಸಂಭ್ರಮ. ಒಂಟಿಯಾಗಿ ಹಸೆಯ ಮೇಲೆ ಕೂಡಲಾರೆನೆಂದು ಮಿತ್ರರು ಒಪ್ಪಲಿಲ್ಲ. ಗೋಷ್ಠಿಯವರು ಒತ್ತಾಯಿಸಲಿಲ್ಲ. ಬಹುಳ ಪಕ್ಷದ ಕತ್ತಲೆಯ ಒಂದು ರಾತ್ರಿ ದುರ್ಬೀನುಗಳನ್ನು ಹೊತ್ತು ಅವರ ಮಾಳಿಗೆಗೇ ಹೋದರು, ನಾವೂ ಹೋದೆವು. ಸೊಸೆಯಾದವಳು ಕಾಫಿ ತಂದಿಟ್ಟಳು. ಉತ್ತರದಲ್ಲಿ ಮೋಡ ಸರಿದು ಸಪ್ತರ್ಷಿಗಳು ಕಂಡರು. ಮಿತ್ರರು ಬಹಳ ಹೊತ್ತು ಬಾಲದ ಕಡೆ ನೋಡಿ, "ಮೇಷ್ಟರೆ, ನನಗೀಗ ವಸಿಷ್ಠ ಒಬ್ಬನೇ ಕಾಣುತ್ತಾನೆ. ಪೊರೆ ಬರುತ್ತಿದೆಯಂತೆ. ಅವಳಿದ್ದಾಗ, ಅಗೋ ಅಲ್ಲಿ ಎಂದು ಅವಳೇ ತೋರಿಸುತ್ತಿದ್ದಳು" ಎಂದರು.

ಯಾರೂ ಉತ್ತರ ಹೇಳಲಿಲ್ಲ. ಗಡಿಯಾರದವರು ತಮ್ಮ ದುರ್ಬೀನನ್ನು ಮುಕ್ಕಾಲಿಯ ಮೇಲೆ ಬಿಗಿದು, ವಸಿಷ್ಠನ ಕಡೆ ತಿರುಗಿಸಿ, ಜಾಗ ಬಿಟ್ಟು ಎದ್ದರು. ಹತ್ತು ಪಟ್ಟು ಹಿಗ್ಗಿಸುವ ದುರ್ಬೀನಿನಲ್ಲಿ ಆ ಎರಡು ನಕ್ಷತ್ರಗಳೂ ಸ್ಪಷ್ಟವಾಗಿ ಬೇರೆ ಬೇರೆ ತೋರುವುವು. ಮಿತ್ರರು ನೋಡಿದರು, ಕಣ್ಣೊರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಹೆಂಡತಿಯ ಮಾತು ತೆಗೆದು, ಮದುವೆಯ ರಾತ್ರಿ ಮೋಡ ಕವಿದಿದ್ದುದನ್ನೂ, ಪುರೋಹಿತರು ಮೋಡವನ್ನೇ ತೋರಿಸಿ ಅರುಂಧತಿಯೆಂದುದನ್ನೂ, ಆಕೆ ಹದಿನೈದು ದಿನ ಕಾದು ನಿಜವಾದುದನ್ನು ತಾವೇ ಹುಡುಕಿ ತೋರಿಸಿದುದನ್ನೂ ಹೇಳಿದರು. ನಾಲ್ಕು ವರ್ಷಗಳಲ್ಲಿ ಅವರು ಆಕೆಯ ವಿಷಯವಾಗಿ ಆಡಿದ ಮೊದಲ ಮಾತು ಅದು. ಅಂದಿನ ಪುಸ್ತಕದಲ್ಲಿ ಅವರ ಅಕ್ಷರದಲ್ಲಿಯೇ "ಅರುಂಧತಿ ಕಂಡಳು" ಎಂದು ಬರೆದಿದೆ.

ಇದರಿಂದ ನಮಗೆ ತೋರುವುದಿಷ್ಟು. ಚಿಕ್ಕಂದಿನಲ್ಲಿ ವರ್ಧಂತಿಯನ್ನು ತಾಯಿ ಎಣಿಸುವಳು. ಯೌವನದಲ್ಲಿ ತಾನೇ ಎಣಿಸಿಕೊಳ್ಳುವನು. ಎಣಿಸುವವರು ಒಬ್ಬೊಬ್ಬರಾಗಿ ಹೊರಟುಹೋದ ವಯಸ್ಸಿನಲ್ಲಿ ಆ ಲೆಕ್ಕವನ್ನು ಗೆಳೆಯರು ವಹಿಸಿಕೊಳ್ಳಬೇಕು. ಸವೆದುದನ್ನು ಎಣಿಸಲು ವೈದ್ಯರಿದ್ದಾರೆ. ಬೆಳೆದುದನ್ನು ಎಣಿಸಲು ಜೊತೆಗೆ ಬೆಳೆದವರೇ ಬೇಕು. ಮನೆಯ ಪಂಚಾಂಗ ಒಂದೇ ಆಗಿದ್ದು, ಅದರಲ್ಲಿಯೇ ಜನ್ಮನಕ್ಷತ್ರವನ್ನೂ ಶ್ರಾದ್ಧದ ತಿಥಿಯನ್ನೂ ನೋಡುವೆವಷ್ಟೆ. ಅಂತೆಯೇ ಗೋಷ್ಠಿಯ ಪುಸ್ತಕದಲ್ಲಿಯೂ ಈಗ ಪ್ರತಿಯೊಬ್ಬರ ಹೆಸರಿನ ಮುಂದೆ ಎರಡು ದಿನಗಳನ್ನು ಬರೆದಿಡಲಾಗಿದೆ: ಅವರು ಹುಟ್ಟಿದ ದಿನ, ಅವರ ಮನೆಯಿಂದ ಒಬ್ಬರು ಹೋದ ದಿನ. ಮೊದಲನೆಯ ದಿನ ಸಿಹಿಯೊಡನೆ ಹೋಗುವುದು. ಎರಡನೆಯ ದಿನ ಸುಮ್ಮನೆ ಹೋಗಿ, ಆ ರಾತ್ರಿಯ ಆಕಾಶದಲ್ಲಿ ಏನಿದೆಯೆಂದು ತಿಳಿಸಿ ಬರುವುದು.

ವಾಚಕರಲ್ಲಿ ಭಜನೆಯ ಗೋಷ್ಠಿಯವರಿರಬಹುದು, ಚದುರಂಗದವರಿರಬಹುದು, ಹೂವಿನ ತೋಟದ ಹವ್ಯಾಸದವರಿರಬಹುದು. ತಮ್ಮ ಕೂಟದ ಹೆಸರುಗಳ ಪಟ್ಟಿಯನ್ನು ಈ ತಿಂಗಳು ಒಮ್ಮೆ ತೆಗೆದು, ಯಾರ ಮುಂದೆ ಯಾವ ಎರಡು ದಿನಗಳನ್ನು ಬರೆಯಬೇಕೆಂದು ವಿಚಾರಿಸಲಿ. ಗುರುವೂ ಶನಿಯೂ ಪುನಃ 2040ರಲ್ಲಿ ಕೂಡುವರು. ಅಂದು ನಮ್ಮಲ್ಲಿ ಎಷ್ಟು ಮಂದಿ ಮಾಳಿಗೆ ಹತ್ತುವರೋ ಹೇಳಲಾಗದು. ಪುಸ್ತಕದಲ್ಲಿ ಹಾಳೆಗಳಿನ್ನೂ ಬೇಕಾದಷ್ಟಿವೆ. ಯಾರು ಉಳಿದಿರುವರೋ ಅವರು ಬರೆಯಲಿ.